ಹಳೆಯ ಪ್ಲೇಸ್ಟೇಷನ್ 2 ಸುತ್ತ ಮನೆಯಲ್ಲೇ ಆರ್ಕೇಡ್ ಕ್ಯಾಬಿನೆಟ್ ಕಟ್ಟುವ ಕ್ರಮ

ಅಂಗಡಿಯಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ಆರ್ಕೇಡ್ ಯಂತ್ರವೂ ಮನೆಯ ಟಿವಿಗೆ ಜೋಡಿಸುತ್ತಿದ್ದ ಗೇಮ್ ಕನ್ಸೋಲೂ ಎಷ್ಟೋ ಸಲ ಒಂದೇ ತಾಯಿಯ ಮಕ್ಕಳು. ಜಪಾನಿನ ನಾಮ್ಕೊ ಸಂಸ್ಥೆ 1994ರಲ್ಲಿ ಮೊದಲ ಟೆಕ್ಕೆನ್ ಆಟವನ್ನು ಆರ್ಕೇಡ್‌ಗಳಿಗೆ ತಂದಾಗ ಅದರೊಳಗಿದ್ದ ಸಿಸ್ಟಮ್ 11 ಬೋರ್ಡು ಪ್ಲೇಸ್ಟೇಷನ್‌ನ ಯಂತ್ರಾಂಶವನ್ನೇ ಆಧರಿಸಿತ್ತು. ಮುಂದೆ ಟೆಕ್ಕೆನ್ 4, ಸೋಲ್ ಕ್ಯಾಲಿಬರ್ 2 ಮತ್ತು ಟೈಮ್ ಕ್ರೈಸಿಸ್ 3 ಆಟಗಳನ್ನು ನಡೆಸಿದ ಸಿಸ್ಟಮ್ 246 ಬೋರ್ಡಿಗೆ ಪ್ಲೇಸ್ಟೇಷನ್ 2 ಆಧಾರವಾಯಿತು. ಆದ್ದರಿಂದ ಅಟ್ಟದ ಮೇಲೆ ಧೂಳು ಹಿಡಿದು ಕೂತಿರುವ ಪ್ಲೇಸ್ಟೇಷನ್ 2 ಅನ್ನು ಕೆಳಗಿಳಿಸಿ, ಅದರ ಸುತ್ತ ಪ್ಲೈವುಡ್ ಪೆಟ್ಟಿಗೆ ಕಟ್ಟಿ, ಕೋಲು (ಜಾಯ್‌ಸ್ಟಿಕ್) ಮತ್ತು ಗುಂಡಿಗಳನ್ನು ಜೋಡಿಸಿದರೆ ಬರುವುದು ಅಸಲಿ ಆರ್ಕೇಡ್ ಯಂತ್ರಕ್ಕೆ ಬಹಳ ಹತ್ತಿರವಾದ ವಸ್ತು.

ಈ ಕೆಲಸಕ್ಕೆ ನಾನು ಇಟ್ಟುಕೊಂಡಿರುವ ನಿಯಮ ಒಂದೇ. ಕನ್ಸೋಲನ್ನು ಬಿಚ್ಚಬಾರದು, ಕೊರೆಯಬಾರದು, ಅದರ ಮೈಗೆ ಬೆಸುಗೆ ತಾಗಿಸಬಾರದು. ಪ್ಲೇಸ್ಟೇಷನ್ 2ರ ತಯಾರಿಕೆ 2013ರ ಸುಮಾರಿಗೆ ನಿಂತುಹೋಗಿದೆ, ಉಳಿದಿರುವ ಯಂತ್ರಗಳಿಗೆ ವಯಸ್ಸಾಗುತ್ತಿದೆ. ಒಂದು ಕೆಟ್ಟರೆ ಇನ್ನೊಂದನ್ನು ಅದೇ ಜಾಗದಲ್ಲಿಟ್ಟು ತಂತಿ ಸಿಕ್ಕಿಸಿ ಆಟ ಮುಂದುವರಿಸುವಂತಿರಬೇಕು. ಮುಂದೆ ಬರುವ ಬಹುತೇಕ ಸೂಚನೆಗಳು ಈ ನಿಯಮದಿಂದಲೇ ಹುಟ್ಟಿದವು.

ಮೊದಲು ಕನ್ಸೋಲ್ ಮತ್ತು ಟಿವಿ

ಪ್ಲೇಸ್ಟೇಷನ್ 2 ಮುಖ್ಯವಾಗಿ ಎರಡು ರೂಪಗಳಲ್ಲಿ ಸಿಗುತ್ತದೆ. ಸುಮಾರು 30 ಸೆಂ.ಮೀ. ಅಗಲ, 18 ಸೆಂ.ಮೀ. ಆಳ, 8 ಸೆಂ.ಮೀ. ಎತ್ತರವಿರುವ ಹಳೆಯ ದಪ್ಪ ಮಾದರಿಯಲ್ಲಿ ಡಿಸ್ಕಿನ ತಟ್ಟೆ ಮುಂದಕ್ಕೆ ಬರುತ್ತದೆ, ವಿದ್ಯುತ್ ಸರಬರಾಜು ಒಳಗೇ ಇರುತ್ತದೆ ಮತ್ತು ಹಿಂಬದಿಯಲ್ಲಿ ಬಿಸಿ ಗಾಳಿಯನ್ನು ಹೊರಹಾಕುವ ಫ್ಯಾನ್ ಇರುತ್ತದೆ. ತೆಳ್ಳಗಿನ ಸ್ಲಿಮ್ ಮಾದರಿಯಲ್ಲಿ ಮುಚ್ಚಳ ಮೇಲಕ್ಕೆ ತೆರೆಯುತ್ತದೆ, ಮತ್ತು 90000 ಸರಣಿಗಿಂತ ಹಿಂದಿನ ಸ್ಲಿಮ್‌ಗಳಿಗೆ 8.5 ವೋಲ್ಟಿನ ಪ್ರತ್ಯೇಕ ಅಡಾಪ್ಟರ್ ಬೇಕು. ಕ್ಯಾಬಿನೆಟ್ಟಿಗೆ ದಪ್ಪ ಮಾದರಿಯೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮುಂದಿನ ಬಾಗಿಲು ತೆರೆದರೆ ಡಿಸ್ಕ್, ಮೆಮೊರಿ ಕಾರ್ಡ್, ಪವರ್ ಗುಂಡಿ ಎಲ್ಲವೂ ಕೈಗೆ ಸಿಗುತ್ತವೆ. ಸ್ಲಿಮ್ ಮಾತ್ರ ಇದ್ದರೆ ಅದನ್ನು ಡ್ರಾಯರ್ ಚಾನೆಲ್‌ಗಳ ಮೇಲೆ ಮುಂದೆ ಬರುವ ಹಲಗೆಯ ಮೇಲಿಡಬೇಕು; ಇಲ್ಲದಿದ್ದರೆ ಮುಚ್ಚಳ ತೆರೆಯಲು ಜಾಗವಿರುವುದಿಲ್ಲ. ಎರಡೂ ಮಾದರಿಗಳು ಮೊದಲ ಪ್ಲೇಸ್ಟೇಷನ್‌ನ ಬಹುತೇಕ ಡಿಸ್ಕುಗಳನ್ನೂ ಓದುತ್ತವೆ ಎಂಬುದು ಆಟಗಳ ಪಟ್ಟಿಯನ್ನು ಬಹಳ ದೊಡ್ಡದಾಗಿಸುತ್ತದೆ.

ಪರದೆಗೆ ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯನ್ನೇ ಹುಡುಕಿ. ಪ್ಲೇಸ್ಟೇಷನ್ 2ರ ಬಹುತೇಕ ಆಟಗಳು 4:3 ಚೌಕಟ್ಟಿಗೆ ಮತ್ತು ಬೆಸ, ಸರಿ ಗೆರೆಗಳನ್ನು ಸರದಿಯಲ್ಲಿ ಮೂಡಿಸುವ ಇಂಟರ್‌ಲೇಸ್ ಚಿತ್ರಕ್ಕೆ ಎಂದೇ ತಯಾರಾದವು. ಅದೇ ಸಂಕೇತವನ್ನು ಎಲ್‌ಇಡಿ ಟಿವಿಗೆ ಕೊಟ್ಟರೆ, ಟಿವಿ ಅದನ್ನು ಹಿಗ್ಗಿಸಿ ಸಂಸ್ಕರಿಸುವಷ್ಟರಲ್ಲಿ ಗುಂಡಿ ಒತ್ತಿದ್ದಕ್ಕೂ ಏಟು ಬಿದ್ದದ್ದಕ್ಕೂ ನಡುವೆ ಕೈಗೆ ತಿಳಿಯುವಷ್ಟು ವಿಳಂಬ ಬರುತ್ತದೆ, ಮತ್ತು ಹೊಡೆದಾಟದ ಆಟಗಳಲ್ಲಿ ಆ ವಿಳಂಬವೇ ಸೋಲು ಗೆಲುವನ್ನು ನಿರ್ಧರಿಸುತ್ತದೆ. ಟೈಮ್ ಕ್ರೈಸಿಸ್ 2ರಂತಹ ಬಂದೂಕಿನ ಆಟಗಳಿಗಂತೂ ಬೇರೆ ದಾರಿಯೇ ಇಲ್ಲ, ಏಕೆಂದರೆ ಗನ್‌ಕಾನ್ 2 ಬಂದೂಕು ಟ್ಯೂಬಿನ ಮೇಲೆ ಗೆರೆ ಗೆರೆಯಾಗಿ ಓಡುವ ಬೆಳಕನ್ನು ನೋಡಿ ಗುರಿಯನ್ನು ಲೆಕ್ಕ ಹಾಕುತ್ತದೆ. ಗುಜರಿ ಅಂಗಡಿಗಳಲ್ಲಿ, ಹಳೆಯ ಟಿವಿ ರಿಪೇರಿಯವರಲ್ಲಿ 21 ಇಂಚಿನ ಟಿವಿಗಳು ಇನ್ನೂ ಸಿಗುತ್ತವೆ. ಕೊಳ್ಳುವ ಮುನ್ನ ಕನ್ಸೋಲನ್ನು ಜೊತೆಗೊಯ್ದು ಮೂರು ಸಂಗತಿಗಳನ್ನು ನೋಡಿಕೊಳ್ಳಿ. ಹಳದಿ, ಕೆಂಪು, ಬಿಳಿ ಬಣ್ಣದ ಎವಿ ಕಿಂಡಿಗಳು ಕೆಲಸ ಮಾಡುತ್ತಿರಬೇಕು. ಅಮೆರಿಕ ಅಥವಾ ಜಪಾನಿನ ಕನ್ಸೋಲಾಗಿದ್ದರೆ ಚಿತ್ರ ಬಣ್ಣದಲ್ಲಿ ಬರಬೇಕು. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಬಣ್ಣ ಪದ್ಧತಿಯನ್ನು ಮಾತ್ರ ಬಲ್ಲ ಟಿವಿಯಲ್ಲಿ ಅದು ಕಪ್ಪುಬಿಳುಪಾಗುತ್ತದೆ. ಮೂರನೆಯದಾಗಿ, ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿದಾಗ ಟಿವಿ ತಾನಾಗಿ ಹೊತ್ತಿಕೊಳ್ಳುತ್ತದೆಯೇ, ಇಲ್ಲವೇ ಕೆಂಪು ದೀಪ ತೋರಿಸುತ್ತ ರಿಮೋಟಿಗಾಗಿ ಕಾಯುತ್ತದೆಯೇ ಎಂಬುದನ್ನು ಪರೀಕ್ಷಿಸಿ. ತಾನಾಗಿ ಹೊತ್ತಿಕೊಳ್ಳುವ ಟಿವಿ ಸಿಕ್ಕರೆ ಕ್ಯಾಬಿನೆಟ್ಟಿಗೆ ಒಂದೇ ಮುಖ್ಯ ಸ್ವಿಚ್ ಸಾಕಾಗುತ್ತದೆ. ಟಿವಿಯಲ್ಲಿ ಎಸ್-ವಿಡಿಯೋ ಅಥವಾ ಕಾಂಪೊನೆಂಟ್ ಕಿಂಡಿಗಳಿದ್ದರೆ ಅದಕ್ಕೆ ತಕ್ಕ ಕೇಬಲ್ ಕೊಳ್ಳಿ; ಅಕ್ಷರಗಳ ಅಂಚು ಎಷ್ಟು ತಿಳಿಯಾಗುತ್ತದೆ ಎಂಬುದು ಮೊದಲ ನೋಟಕ್ಕೇ ಕಾಣುತ್ತದೆ.

ಟಿವಿಯ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆದು ಬರಿಯ ಟ್ಯೂಬನ್ನು ಜೋಡಿಸಿದರೆ ಅಂದ ಹೆಚ್ಚುತ್ತದೆಂಬ ಸಲಹೆ ನಿಮಗೆ ಸಿಗಬಹುದು. ದಯವಿಟ್ಟು ಆ ದಾರಿ ಹಿಡಿಯಬೇಡಿ. ಬಣ್ಣದ ಪಿಕ್ಚರ್ ಟ್ಯೂಬಿನ ಆನೋಡಿನಲ್ಲಿ 20,000 ವೋಲ್ಟಿಗೂ ಹೆಚ್ಚಿನ ಒತ್ತಡವಿರುತ್ತದೆ, ಮತ್ತು ಪ್ಲಗ್ ಕಿತ್ತ ಮೇಲೂ ಆ ಶೇಖರಣೆ ಉಳಿದಿರಬಹುದು. ಟ್ಯೂಬಿನ ಹಿಂದಿನ ಕುತ್ತಿಗೆಗೆ ಪೆಟ್ಟು ಬಿದ್ದರೆ ಗಾಜು ಒಡೆದು ಟ್ಯೂಬು ಹಾಳಾಗುತ್ತದೆ. ಟಿವಿ ಇಡಿಯಾಗಿಯೇ ಒಳಗೆ ಕೂರಲಿ. ಅದರ ಅಂಚುಗಳನ್ನು ಮರೆಮಾಡಲು ಕಪ್ಪು ಚೌಕಟ್ಟು ಸಾಕು.

ಅಳತೆ ಮತ್ತು ಮರಗೆಲಸ

ಪೆಟ್ಟಿಗೆಯ ಅಗಲವನ್ನು ಟಿವಿಯೇ ನಿರ್ಧರಿಸುತ್ತದೆ. ಟಿವಿಯ ಅತಿ ಅಗಲವಾದ ಭಾಗವನ್ನು ಅಳೆದು ಎರಡೂ ಕಡೆ ಒಂದೊಂದು ಸೆಂ.ಮೀ. ಬಿಟ್ಟರೆ ಒಳ ಅಗಲ ಸಿಗುತ್ತದೆ. ಎತ್ತರವನ್ನು ನಿರ್ಧರಿಸುವುದು ಆಡುವವರ ಮೈ. ನಿಂತು ಆಡುವ ವಯಸ್ಕರಿಗೆ ನಿಯಂತ್ರಣ ಫಲಕ ನೆಲದಿಂದ 90ರಿಂದ 100 ಸೆಂ.ಮೀ. ಎತ್ತರದಲ್ಲಿದ್ದರೆ ಮೊಣಕೈ ಸಹಜವಾಗಿ ಮಡಚಿಕೊಳ್ಳುತ್ತದೆ. ಪರದೆಯ ನಡುಭಾಗ ಕಣ್ಣಿಗಿಂತ ಸ್ವಲ್ಪ ಕೆಳಗೆ, ಸುಮಾರು 130 ಸೆಂ.ಮೀ. ಎತ್ತರದಲ್ಲಿದ್ದು ಹಿಂದಕ್ಕೆ 15 ಡಿಗ್ರಿಯಷ್ಟು ವಾಲಿರಲಿ. ಈ ವಾಲಿಕೆಗೆ ಇನ್ನೂ ಒಂದು ಮುಖ್ಯ ಕಾರಣವಿದೆ. ಟ್ಯೂಬ್ ಟಿವಿಯ ಭಾರವೆಲ್ಲ ಮುಂದಿನ ದಪ್ಪ ಗಾಜಿನಲ್ಲಿರುವುದರಿಂದ ಅದು ಯಾವಾಗಲೂ ಮುಂದಕ್ಕೆ ಮಗುಚಲು ನೋಡುತ್ತಿರುತ್ತದೆ, ಮತ್ತು 21 ಇಂಚಿನ ಟಿವಿ 20 ಕಿಲೋಗೂ ಮೀರಿ ತೂಗುತ್ತದೆ. ಹಿಂದಕ್ಕೆ ವಾಲಿದ ಹಲಗೆ, ಹಲಗೆಯ ಮುಂದಿನ ಅಂಚಿಗೆ ಎರಡು ಇಂಚಿನ ತಡೆಪಟ್ಟಿ, ಟಿವಿಯ ನಡುವನ್ನು ಬಳಸಿ ಹಲಗೆಗೆ ಬಿಗಿದ ಲಗೇಜ್ ಪಟ್ಟಿ, ಈ ಮೂರೂ ಇರಲೇಬೇಕು. ಮಕ್ಕಳಿರುವ ಮನೆಯಲ್ಲಿ ಇಡೀ ಕ್ಯಾಬಿನೆಟ್ಟನ್ನು ಮೇಲ್ಭಾಗದಲ್ಲಿ ಗೋಡೆಗೂ ಒಂದು ಬ್ರಾಕೆಟ್ ಹಾಕಿ ಕಟ್ಟಿಬಿಡಿ.

ಮರಕ್ಕೆ 18 ಮಿ.ಮೀ. ಪ್ಲೈವುಡ್ ಒಳ್ಳೆಯದು. ಎಂಡಿಎಫ್ ಹಲಗೆಯ ಮೈ ನುಣುಪಾಗಿದ್ದು ಬಣ್ಣ ಚೆನ್ನಾಗಿ ಕೂರುತ್ತದೆ ನಿಜ, ಆದರೆ ಎಂಟು ಅಡಿಗೆ ನಾಲ್ಕಡಿಯ ಒಂದೇ ಹಲಗೆ 40 ಕಿಲೋ ಸುಮಾರು ತೂಗುತ್ತದೆ, ಅಂಚಿನಲ್ಲಿ ಸ್ಕ್ರೂ ಹಿಡಿಯುವುದಿಲ್ಲ, ಮಲೆನಾಡು ಮತ್ತು ಕರಾವಳಿಯ ಮಳೆಗಾಲದ ತೇವಕ್ಕೆ ಊದಿಕೊಳ್ಳುತ್ತದೆ. ಒಳನಾಡಿನ ಒಣ ಕೋಣೆಗೆ ಸಾಧಾರಣ ಕಮರ್ಷಿಯಲ್ ಪ್ಲೈ ನಡೆಯುತ್ತದೆ. ತೇವದ ಊರುಗಳಲ್ಲಿ ನೀರು ತಾಳುವ, ಐಎಸ್ 710 ಗುರುತಿನ ಪ್ಲೈಗೆ ಹೆಚ್ಚು ಹಣ ಕೊಡುವುದು ಸಾರ್ಥಕ.

ಹಲಗೆಯ ಅಗಲ 122 ಸೆಂ.ಮೀ. ಇರುವುದರಿಂದ ಪಕ್ಕದ ಎರಡು ಹಲಗೆಗಳನ್ನು ತಲಾ 60 ಸೆಂ.ಮೀ. ಆಳ, 170 ಸೆಂ.ಮೀ. ಎತ್ತರಕ್ಕೆ ಇಟ್ಟುಕೊಂಡರೆ ಎರಡೂ ಒಂದೇ ಶೀಟಿನಲ್ಲಿ, ಗರಗಸದ ಸವಕಲನ್ನೂ ಕಳೆದು, ಹೊಂದುತ್ತವೆ. ಎರಡನೆಯ ಶೀಟಿನಲ್ಲಿ ತಳ, ಟಿವಿಯ ಹಲಗೆ, ಕನ್ಸೋಲಿನ ಹಲಗೆ, ಮುಂದಿನ ಬಾಗಿಲು, ಮೇಲ್ಛಾವಣಿ, ನಿಯಂತ್ರಣ ಪೆಟ್ಟಿಗೆ ಇವೆಲ್ಲ ಬರುತ್ತವೆ. ಬೆನ್ನಿಗೆ 6 ಮಿ.ಮೀ. ಪ್ಲೈ ಸಾಕು. ಪಕ್ಕದ ಹಲಗೆಯ ಆಕಾರವನ್ನು ಮೊದಲು ಫ್ರಿಜ್ ಪೆಟ್ಟಿಗೆಯಂತಹ ದೊಡ್ಡ ರಟ್ಟಿನ ಮೇಲೆ ಪೂರ್ಣ ಅಳತೆಯಲ್ಲಿ ಬರೆದು, ಕತ್ತರಿಸಿ, ಗೋಡೆಗೆ ಒರಗಿಸಿ, ಅದರ ಮುಂದೆ ನಿಂತು ನೋಡಿ. ಕಾಗದದ ಮೇಲೆ ಸರಿಯಾಗಿ ಕಂಡ ಎತ್ತರ ನಿಂತಾಗ ಹೊಂದದಿರುವುದು ಸಾಮಾನ್ಯ, ಮತ್ತು ರಟ್ಟನ್ನು ಮತ್ತೆ ಕತ್ತರಿಸಲು ಖರ್ಚಿಲ್ಲ. ಆಕಾರ ನಿಶ್ಚಯವಾದ ಮೇಲೆ ಎರಡೂ ಹಲಗೆಗಳನ್ನು ಒಂದರ ಮೇಲೊಂದಿಟ್ಟು ಕ್ಲಾಂಪ್ ಬಿಗಿದು ಒಟ್ಟಿಗೇ ಕತ್ತರಿಸಿದರೆ ಅವು ಒಂದಕ್ಕೊಂದು ತಪ್ಪದೆ ಹೊಂದುತ್ತವೆ. ಮನೆಯಲ್ಲಿ ಜಿಗ್ ಸಾ ಇಲ್ಲದವರು ರಟ್ಟಿನ ಮಾದರಿಯನ್ನು ಊರಿನ ಬಡಗಿಗೆ ಕೊಟ್ಟು ಕತ್ತರಿಸಿಕೊಳ್ಳುವುದೇ ಲೇಸು.

ಜೋಡಣೆಯಲ್ಲಿ ಹಲಗೆಯ ಅಂಚಿಗೆ ನೇರವಾಗಿ ಸ್ಕ್ರೂ ಹೊಡೆಯುವ ಬದಲು ಮೂಲೆಗಳ ಒಳಗೆ ಒಂದೂವರೆ ಇಂಚಿನ ರೀಪುಗಳನ್ನು ಅಂಟು ಮತ್ತು ಸ್ಕ್ರೂ ಎರಡರಿಂದಲೂ ಕೂರಿಸಿ, ಅವುಗಳ ಮೇಲೆ ಹಲಗೆಗಳನ್ನು ಬಿಗಿಯಿರಿ. ಟಿವಿಯ ಹಲಗೆಯನ್ನು ಹೊರುವ ರೀಪು ಎರಡು ಇಂಚಿನದಾಗಿರಲಿ. ನಿಯಂತ್ರಣ ಪೆಟ್ಟಿಗೆಯನ್ನು ಮಾತ್ರ ಬೇರೆಯಾಗಿ ಮಾಡಿ, ಮುಂದಕ್ಕೆ 20 ಸೆಂ.ಮೀ. ಚಾಚುವಂತೆ ನಾಲ್ಕು ಬೋಲ್ಟುಗಳಿಂದ ಸೇರಿಸಬೇಕು. ಕ್ಯಾಬಿನೆಟ್ ಕಟ್ಟಿ ಮುಗಿದ ಮೇಲೆ ಕೋಣೆಯ ಬಾಗಿಲಲ್ಲಿ ಹಾಯುವುದೇ ಕಷ್ಟವಾಗುವ ಮನೆಗಳು ನಮ್ಮಲ್ಲಿ ಬಹಳ, ಮತ್ತು ಮುಂದೆ ಯಾವುದೇ ಗುಂಡಿ ಕೆಟ್ಟರೂ ಆ ಪೆಟ್ಟಿಗೆಯೊಂದನ್ನೇ ಬಿಚ್ಚಿ ಮೇಜಿನ ಮೇಲಿಟ್ಟು ಸರಿಪಡಿಸಬಹುದು. ತಳಕ್ಕೆ ಬ್ರೇಕ್ ಇರುವ ಚಕ್ರಗಳನ್ನು ಹಾಕಿದರೆ ಹಿಂಬದಿಯ ತಂತಿಗಳನ್ನು ನೋಡಲು ಒಬ್ಬರೇ ತಿರುಗಿಸಬಹುದು.

ನಿಯಂತ್ರಣ ಫಲಕ

ಇಡೀ ಯಂತ್ರದ ಜೀವ ಇಲ್ಲಿದೆ, ಹಣ ಉಳಿಸಬಾರದ ಜಾಗವೂ ಇದೇ. ಜಪಾನಿನ ಸಾನ್ವಾ ಸಂಸ್ಥೆಯ ಜೆಎಲ್‌ಎಫ್ ಕೋಲು ಮತ್ತು 30 ಮಿ.ಮೀ. ಗುಂಡಿಗಳು ಆರ್ಕೇಡ್ ಪ್ರಪಂಚದಲ್ಲಿ ಅಳತೆಗೋಲಿನಂತಿವೆ. ಸೈಮಿತ್ಸು ಸಂಸ್ಥೆಯ ಕೋಲು ಸ್ವಲ್ಪ ಬಿಗಿ, ಅದನ್ನೇ ಇಷ್ಟಪಡುವವರೂ ಇದ್ದಾರೆ. ಅಗ್ಗದ ಚೀನಾ ಜೋಡಿಗಳಿಂದಲೂ ಕೆಲಸ ನಡೆಯುತ್ತದೆ, ಆದರೆ ಅವುಗಳ ಮೈಕ್ರೋಸ್ವಿಚ್‌ಗಳ ಗುಣಮಟ್ಟ ಒಂದರಂತೆ ಇನ್ನೊಂದಿರುವುದಿಲ್ಲ. ತಂತಿ, ಕನೆಕ್ಟರ್, ಮಲ್ಟಿಮೀಟರ್, ಬೆಸುಗೆ ಕೋಲುಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಸಾನ್ವಾದ ಒತ್ತಿ ಕೂರಿಸುವ ಗುಂಡಿಗಳು 2ರಿಂದ 4 ಮಿ.ಮೀ. ದಪ್ಪದ ಫಲಕಕ್ಕೆಂದು ರೂಪಿಸಿದವು, 18 ಮಿ.ಮೀ. ಪ್ಲೈಯಲ್ಲಿ ಅವುಗಳ ಕೊಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಫಲಕದ ಮೇಲ್ಮೈಗೆ 3 ಮಿ.ಮೀ. ಅಲ್ಯೂಮಿನಿಯಂ ಅಥವಾ ಅಕ್ರಿಲಿಕ್ ಹಾಳೆಯನ್ನು ಬಳಸಿ, ಅದರ ಕೆಳಗಿನ ಮರದಲ್ಲಿ ಗುಂಡಿಗಳ ಗುಂಪಿಗೂ ಕೋಲಿಗೂ ದೊಡ್ಡ ಕಿಂಡಿ ಬಿಡಿ. ಪೂರ್ತಿ ಮರದ ಫಲಕವೇ ಬೇಕೆಂದರೆ ಉದ್ದ ತಿರುಪುಗೆರೆ ಮತ್ತು ನಟ್ಟು ಇರುವ ಅಮೆರಿಕನ್ ಶೈಲಿಯ ಗುಂಡಿಗಳನ್ನು ಕೊಳ್ಳಬೇಕು, ಅವುಗಳಿಗೆ 28 ಮಿ.ಮೀ. ರಂಧ್ರ ಸಾಕು. ಕೋಲಿನ ವಿಷಯದಲ್ಲೂ ಹೀಗೆಯೇ. ದಪ್ಪ ಮರದ ಕೆಳಗೆ ಜೋಡಿಸಿದರೆ ಅದರ ದಂಡ ಮೇಲೆ ಗಿಡ್ಡವಾಗಿ ಉಳಿದು ಹಿಡಿತ ಸಿಗುವುದಿಲ್ಲ.

ಗುಂಡಿಗಳ ನಡುವೆ ಕೇಂದ್ರದಿಂದ ಕೇಂದ್ರಕ್ಕೆ 36 ಮಿ.ಮೀ. ಇಟ್ಟರೆ ಬೆರಳುಗಳು ಆರಾಮವಾಗಿ ಹರಡಿಕೊಳ್ಳುತ್ತವೆ. ತಲಾ ಮೂರರ ಎರಡು ಸಾಲು, ತೋರುಬೆರಳಿನ ಗುಂಡಿ ನಡುಬೆರಳಿನದಕ್ಕಿಂತ ತುಸು ಕೆಳಗೆ. ಸಾಲನ್ನು ಬರೆಯುವ ಮುನ್ನ ರಟ್ಟಿನ ಮೇಲೆ ಕೈಯಿಟ್ಟು ಬೆರಳ ತುದಿಗಳನ್ನು ಗುರುತಿಸಿ, ಮನೆಯವರ ಕೈಗಳನ್ನೂ ಇಡಿಸಿ ನೋಡಿ. ಟೆಕ್ಕೆನ್‌ಗೆ ನಾಲ್ಕು ಗುಂಡಿ ಸಾಕಾದರೂ ಸ್ಟ್ರೀಟ್ ಫೈಟರ್ ಆರನ್ನು ಕೇಳುತ್ತದೆ, ಹಾಗಾಗಿ ಆರು ಇರಲಿ. ಕನ್ಸೋಲಿನ ಪ್ಯಾಡಿನಲ್ಲಿ, ಅಂದರೆ ಕೈಯಲ್ಲಿ ಹಿಡಿದು ಆಡುವ ನಿಯಂತ್ರಕದಲ್ಲಿ, ಉಳಿದ ಎರಡು ಭುಜದ ಗುಂಡಿಗಳನ್ನು ಪ್ರತಿ ಸಾಲಿನ ನಾಲ್ಕನೆಯ ಗುಂಡಿಯಾಗಿ ಸೇರಿಸುವುದು ನಿಮ್ಮ ಇಷ್ಟ. ಸ್ಟಾರ್ಟ್ ಮತ್ತು ಸೆಲೆಕ್ಟ್ ಗುಂಡಿಗಳನ್ನು 24 ಮಿ.ಮೀ. ಅಳತೆಯಲ್ಲಿ ಫಲಕದ ಮುಂದಿನ ಲಂಬ ಮುಖದಲ್ಲಿಡಿ, ಏಕೆಂದರೆ ಪಂದ್ಯದ ಬಿಸಿಯಲ್ಲಿ ಅಂಗೈ ತಾಗಿ ಸ್ಟಾರ್ಟ್ ಒತ್ತಿಹೋದರೆ ಆಟವೇ ನಿಂತುಬಿಡುತ್ತದೆ. ಇಬ್ಬರು ಅಕ್ಕಪಕ್ಕ ನಿಲ್ಲುವುದರಿಂದ ಪೆಟ್ಟಿಗೆಯ ಅಗಲ 65 ಸೆಂ.ಮೀ.ಗಿಂತ ಕಡಿಮೆಯಿದ್ದರೆ ನಿಯಂತ್ರಣ ಪೆಟ್ಟಿಗೆಯನ್ನು ಎರಡೂ ಬದಿಗೆ ಸ್ವಲ್ಪ ಹೊರಚಾಚಿಸಬಹುದು.

ಪ್ಯಾಡಿಗೆ ಬೆಸುಗೆ

ಕನ್ಸೋಲಿಗೆ ಕೈ ಹಚ್ಚದೆ ಗುಂಡಿಗಳ ಒತ್ತನ್ನು ಅದಕ್ಕೆ ತಿಳಿಸುವ ಸರಳ ದಾರಿ ಎಂದರೆ ಒಂದು ಪ್ಯಾಡನ್ನು ಬಿಚ್ಚಿ ಅದರ ಬೋರ್ಡಿಗೆ ತಂತಿ ಬೆಸೆಯುವುದು. ಯಾವ ಪ್ಯಾಡ್ ಎಂಬುದೇ ಇಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. ಪ್ಲೇಸ್ಟೇಷನ್ 2ರ ಜೊತೆ ಬಂದ ಡ್ಯುಯಲ್‌ಶಾಕ್ 2 ಬೇಡ. ಅದರ ಗುಂಡಿಗಳು ಒತ್ತಡದ ಪ್ರಮಾಣವನ್ನೂ ಅಳೆಯುತ್ತವೆ, ಮತ್ತು ಸಂಪರ್ಕಗಳು ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯ ಮೇಲಿರುವುದರಿಂದ ಬೆಸುಗೆ ತಾಗಿದೊಡನೆ ಸುಟ್ಟುಹೋಗುತ್ತವೆ. ಬೇಕಾದದ್ದು ಮೊದಲ ಪ್ಲೇಸ್ಟೇಷನ್‌ನ, ಅನಲಾಗ್ ಕೋಲುಗಳಿಲ್ಲದ, ಎಸ್‌ಸಿಪಿಎಚ್-1080 ಸಂಖ್ಯೆಯ ಡಿಜಿಟಲ್ ಪ್ಯಾಡ್. ಪ್ಲೇಸ್ಟೇಷನ್ 2ರ ಕಿಂಡಿಯಲ್ಲೂ ಅದು ಸೇರುತ್ತದೆ, ಮತ್ತು ಅದರ ಎಲ್ಲ ಗುಂಡಿಗಳಿಗೂ ಗ್ರೌಂಡ್ ಒಂದೇ. ಆದರೆ ಅನಲಾಗ್ ಪ್ಯಾಡನ್ನೇ ಕೇಳುವ ಆಟಗಳು ಪ್ಲೇಸ್ಟೇಷನ್ 2ರಲ್ಲಿ ಇವೆ. ಪ್ಯಾಡ್ ಬಿಚ್ಚುವ ಮೊದಲೇ ನಿಮಗೆ ಬೇಕಾದ ಪ್ರತಿ ಆಟವನ್ನೂ ಅದರಲ್ಲಿ ಆಡಿ ಪರೀಕ್ಷಿಸಿ.

ಪ್ಯಾಡಿನ ಹಿಂದಿನ ಸ್ಕ್ರೂಗಳನ್ನು ತೆಗೆದರೆ ಬೋರ್ಡಿನ ಮೇಲೆ ಕಪ್ಪು ಕಾರ್ಬನ್ ಬಳಿದ ಸಂಪರ್ಕಗಳು ಕಾಣುತ್ತವೆ. ಮಲ್ಟಿಮೀಟರಿನ ಬೀಪ್ ವ್ಯವಸ್ಥೆಯಿಂದ ಗ್ರೌಂಡ್ ಯಾವುದು, ಒಂದೊಂದು ಗುಂಡಿಯ ಸಂಕೇತದ ಬದಿ ಯಾವುದು ಎಂದು ಮೊದಲು ಗುರುತಿಸಿ ಬರೆದಿಟ್ಟುಕೊಳ್ಳಿ. ನಂತರ ಕಾರ್ಬನ್ನನ್ನು ಬ್ಲೇಡಿನ ತುದಿಯಿಂದ ನಿಧಾನವಾಗಿ ಕೆರೆದು ತಾಮ್ರ ಹೊಳೆಯುವಂತೆ ಮಾಡಿ, 25 ವ್ಯಾಟಿನ ಚೂಪು ತುದಿಯ ಬೆಸುಗೆ ಕೋಲಿನಿಂದ ಅಲ್ಲಿ ತೆಳುವಾಗಿ ಸೀಸ ಹಚ್ಚಿ, ಮೊದಲೇ ಸೀಸ ಹಚ್ಚಿದ ಸಣ್ಣ ತಂತಿಯನ್ನು ಒಂದೆರಡು ಸೆಕೆಂಡ್ ಮಾತ್ರ ತಾಗಿಸಿ ಕೂರಿಸಿ. ಹೆಚ್ಚು ಹೊತ್ತು ಕಾಯಿಸಿದರೆ ತಾಮ್ರದ ಪದರ ಬೋರ್ಡಿನಿಂದ ಎದ್ದು ಬರುತ್ತದೆ. ಪ್ರತಿ ಬೆಸುಗೆಯ ಮೇಲೂ ಹಾಟ್ ಗ್ಲೂ ಹನಿ ಹಾಕಬೇಕು, ಏಕೆಂದರೆ ಇಂತಹ ಬೆಸುಗೆಗಳು ಮುರಿಯುವುದು ತಂತಿಯ ಎಳೆತದಿಂದ. ತಂತಿಗಳ ಇನ್ನೊಂದು ತುದಿಯನ್ನು ಸ್ಕ್ರೂ ಟರ್ಮಿನಲ್ ಪಟ್ಟಿಗೆ ಸೇರಿಸಿ, ಅಲ್ಲಿಂದ ಗುಂಡಿಗಳಿಗೆ ಬೇರೆ ತಂತಿ ಎಳೆಯಿರಿ. ಹೀಗಿದ್ದರೆ ಮುಂದೆ ಪ್ಯಾಡ್ ಬೋರ್ಡನ್ನು ಬದಲಿಸುವಾಗ ಫಲಕದ ತಂತಿಗಳನ್ನು ಮುಟ್ಟಬೇಕಿಲ್ಲ. ಗುಂಡಿಗಳ ಕಾಲುಗಳಿಗೆ ಬೆಸುಗೆ ಬೇಡ, ಸಿಕ್ಕಿಸುವ ಟರ್ಮಿನಲ್‌ಗಳು ಸಾಕು. ಸಾನ್ವಾ ಗುಂಡಿಗೆ 2.8 ಮಿ.ಮೀ., ದೊಡ್ಡ ಮೈಕ್ರೋಸ್ವಿಚ್ ಇರುವ ಗುಂಡಿಗಳಿಗೆ 4.8 ಮಿ.ಮೀ. ಅಳತೆಯವು ಹೊಂದುತ್ತವೆ. ಗ್ರೌಂಡ್ ತಂತಿಯನ್ನು ಗುಂಡಿಯಿಂದ ಗುಂಡಿಗೆ ಸರಪಳಿಯಂತೆ ದಾಟಿಸಬಹುದು.

ಕೋಲನ್ನು ಜೋಡಿಸುವಾಗ ದಿಕ್ಕು ಅದಲುಬದಲಾಗುತ್ತದೆ ಎಂಬುದನ್ನು ನೆನಪಿಡಿ. ದಂಡವನ್ನು ಎಡಕ್ಕೆ ಎಳೆದಾಗ ತಿರುಗಣೆಯ ಕೆಳಗಿನ ತುದಿ ಬಲಕ್ಕೆ ಸರಿಯುವುದರಿಂದ ಒತ್ತಲ್ಪಡುವುದು ಬಲಗಡೆಯ ಸ್ವಿಚ್ಚು. ಎಡದ ಸಂಕೇತದ ತಂತಿ ಅದಕ್ಕೇ ಹೋಗಬೇಕು. ಮೇಲೆ ಕೆಳಗೂ ಇದೇ ನಿಯಮ. ಪ್ಯಾಡಿನ ಕೇಬಲ್ಲನ್ನು ಕತ್ತರಿಸದೆ ಕನ್ಸೋಲಿನ ಕಿಂಡಿಗೆ ಹಾಗೆಯೇ ಸಿಕ್ಕಿಸಿ. ಆ ಕೇಬಲ್ಲಿನಲ್ಲಿ ಬೋರ್ಡು ನಡೆಸುವ 3.3 ವೋಲ್ಟಿನ ಜೊತೆಗೆ ಕಂಪನದ ಮೋಟಾರಿಗೆಂದು ಏಳು ವೋಲ್ಟಿಗೂ ಮೀರಿದ ತಂತಿ ಇದ್ದು, ಅದು ತಪ್ಪಿ ಗ್ರೌಂಡಿಗೆ ತಾಗಿದರೆ ಕನ್ಸೋಲಿಗೇ ಅಪಾಯವಿದೆ.

ಗಾಳಿ, ಶಬ್ದ, ವಿದ್ಯುತ್

ಕನ್ಸೋಲಿನ ಜಾಗ ಟಿವಿಯ ಕೆಳಗೆ, ಎಂದೂ ಮೇಲಲ್ಲ. ಟ್ಯೂಬಿನ ಬಿಸಿ ಮೇಲೇರುತ್ತದೆ. ಕನ್ಸೋಲಿನ ಎಲ್ಲ ಬದಿಗೂ 10 ಸೆಂ.ಮೀ. ಖಾಲಿ ಬಿಟ್ಟು, ಕೆಳಗಿನ ಮುಂಭಾಗದಲ್ಲಿ ಗಾಳಿ ಬರಲು ಜಾಲರಿ, ಬೆನ್ನಿನ ಮೇಲ್ತುದಿಯಲ್ಲಿ ಗಾಳಿ ಹೋಗಲು ಇನ್ನೊಂದು ಜಾಲರಿ ಇಟ್ಟು, ಮೇಲಿನದಕ್ಕೆ ಕಂಪ್ಯೂಟರಿನ 120 ಮಿ.ಮೀ. ಫ್ಯಾನನ್ನು ಹೊರಮುಖವಾಗಿ ಜೋಡಿಸಿ. ಕೆಳಗಿನ ಜಾಲರಿಗೆ ತೆಳು ಸ್ಪಂಜು ಅಂಟಿಸಿದರೆ ಡಿಸ್ಕ್ ಓದುವ ಲೆನ್ಸಿಗೆ ಧೂಳಿನ ಕಾಟ ಕಡಿಮೆಯಾಗುತ್ತದೆ.

ಟಿವಿಯದೇ ಸ್ಪೀಕರ್ ಸಾಕಾಗದಿದ್ದರೆ ಸಣ್ಣ 12 ವೋಲ್ಟ್ ಆಂಪ್ಲಿಫೈಯರ್ ಬೋರ್ಡು ಹಾಕಬಹುದು. ಬರಿಯ ಸ್ಪೀಕರಿನ ಅಯಸ್ಕಾಂತ ಟ್ಯೂಬಿನ ಹತ್ತಿರ ಬಂದರೆ ಪರದೆಯ ಮೂಲೆಯಲ್ಲಿ ಹಸಿರು, ನೇರಳೆ ಕಲೆಗಳು ಮೂಡುತ್ತವೆ. ಹಳೆಯ ಕಂಪ್ಯೂಟರ್ ಸ್ಪೀಕರುಗಳಲ್ಲಿ ಕಾಂತತಡೆ ಇರುವವನ್ನು ಆರಿಸಿಕೊಳ್ಳಿ, ಅಥವಾ ಸ್ಪೀಕರುಗಳನ್ನು ನಿಯಂತ್ರಣ ಪೆಟ್ಟಿಗೆಯ ಕೆಳಗೆ ದೂರವಿಡಿ.

ವಿದ್ಯುತ್ತಿಗೆ ಒಳಗೆ ಒಂದು ಒಳ್ಳೆಯ ಸ್ಪೈಕ್ ಗಾರ್ಡನ್ನು ಸ್ಕ್ರೂನಿಂದ ಬಿಗಿದು, ಟಿವಿ, ಕನ್ಸೋಲ್, ಫ್ಯಾನಿನ ಅಡಾಪ್ಟರುಗಳನ್ನು ಅದಕ್ಕೆ ಸಿಕ್ಕಿಸಿದರೆ 230 ವೋಲ್ಟಿನ ಯಾವ ತಂತಿಯನ್ನೂ ನೀವು ಕತ್ತರಿಸಬೇಕಿಲ್ಲ. ಪ್ಲಗ್ ಮೂರು ಪಿನ್ನಿನದಾಗಿರಲಿ. ಫಲಕದ ಮೇಲೆ ಅಲ್ಯೂಮಿನಿಯಂ ಹಾಳೆ ಇದ್ದರೆ ಅದಕ್ಕೆ ಅರ್ಥಿಂಗ್ ಕೊಡಿಸಲೇಬೇಕು. ಆ ಒಂದು ಜೋಡಣೆಯನ್ನು ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ದಪ್ಪ ಪ್ಲೇಸ್ಟೇಷನ್ 2ರ ಹಿಂಬದಿಯ ಮುಖ್ಯ ಸ್ವಿಚ್ಚನ್ನು ಸದಾ ಹಾಕಿಟ್ಟರೆ, ಸ್ಪೈಕ್ ಗಾರ್ಡ್ ಹೊತ್ತಿದಾಗ ಕನ್ಸೋಲು ಕೆಂಪು ದೀಪದೊಂದಿಗೆ ಸಿದ್ಧವಾಗುತ್ತದೆ. ಮುಂದಿನ ಬಾಗಿಲು ತೆರೆದು ಡಿಸ್ಕ್ ಹಾಕುವಾಗ ಅದರ ಗುಂಡಿ ಒತ್ತಿದರಾಯಿತು.

ಹೊರಮೈ ಮತ್ತು ಮೊದಲ ಆಟ

ಹೊರಮೈಗೆ 1 ಮಿ.ಮೀ. ಲ್ಯಾಮಿನೇಟ್ ಹಾಳೆ ಬಾಳಿಕೆಯದು, ಅಂಚಿಗೆ ಪಿವಿಸಿ ಪಟ್ಟಿ. ಚಿತ್ರಗಳು ಬೇಕೆಂದರೆ ಫ್ಲೆಕ್ಸ್ ಅಂಗಡಿಯಲ್ಲಿ ವಿನೈಲ್ ಸ್ಟಿಕ್ಕರ್ ಮುದ್ರಿಸಿಕೊಡುತ್ತಾರೆ. ಟಿವಿಯ ಸುತ್ತಲಿನ ಚೌಕಟ್ಟಿಗೆ ಹೊಳಪಿಲ್ಲದ ಕಪ್ಪು ಬಣ್ಣವೇ ಇರಲಿ, ಹೊಳೆಯುವ ಅಂಚು ಚಿತ್ರವನ್ನು ಪ್ರತಿಫಲಿಸಿ ಕಣ್ಣಿಗೆ ತೊಂದರೆ ಕೊಡುತ್ತದೆ. ನಾಣ್ಯದ ಬಾಗಿಲನ್ನು ಅಲಂಕಾರಕ್ಕೆಂದು ಮಾತ್ರ ಹಾಕಬಹುದು, ಕನ್ಸೋಲಿನ ಆಟಗಳು ನಾಣ್ಯವನ್ನು ಎಣಿಸುವುದಿಲ್ಲ.

ಬೆನ್ನಿನ ಹಲಗೆ ಮುಚ್ಚುವ ಮೊದಲು ಒಂದೆರಡು ಗಂಟೆ ಯಂತ್ರವನ್ನು ನಡೆಸಿ, ಕನ್ಸೋಲಿನ ಹಿಂದಿನ ಗಾಳಿಯನ್ನೂ ಅಡಾಪ್ಟರುಗಳನ್ನೂ ಕೈಯಿಂದ ಮುಟ್ಟಿ ನೋಡಿ. ಪರೀಕ್ಷೆಗೆ ಟೆಕ್ಕೆನ್ 5ರ ಡಿಸ್ಕ್ ಬಹಳ ಉಪಯುಕ್ತ, ಅದರಲ್ಲಿ ಮೊದಲ ಮೂರು ಟೆಕ್ಕೆನ್‌ಗಳ ಆರ್ಕೇಡ್ ಆವೃತ್ತಿಗಳೂ ಇವೆ. ಅಭ್ಯಾಸದ ವಿಭಾಗದಲ್ಲಿ ಎಂಟೂ ದಿಕ್ಕುಗಳನ್ನು, ಎರಡೆರಡು ಗುಂಡಿಗಳನ್ನು ಒಟ್ಟಿಗೆ ಒತ್ತುವುದನ್ನು ಪರೀಕ್ಷಿಸಬಹುದು. ಕರ್ಣದ ದಿಕ್ಕು ಸಿಗದಿದ್ದರೆ ಕೋಲಿನ ಕೆಳಗೆ ಅದರ ಚಲನೆಗೆ ಎಲ್ಲೆ ಹಾಕುವ ಚೌಕಾಕಾರದ ಗೇಟ್ ಸರಿಯಾಗಿ ಕೂತಿಲ್ಲ ಎಂದರ್ಥ. ಪ್ಯಾಕ್-ಮ್ಯಾನ್‌ನಂತಹ ನಾಲ್ಕು ದಿಕ್ಕಿನ ಆಟಗಳನ್ನೇ ಹೆಚ್ಚು ಆಡುವವರು ಅದೇ ಗೇಟನ್ನು ನಾಲ್ಕು ದಿಕ್ಕಿನ ಬಳಕೆಗೆ ಬದಲಿಸಿಕೊಳ್ಳಬಹುದು. ಅನಲಾಗ್ ಬೇಡುವ ಆಟಗಳಿಗಾಗಿ ಮುಂದಿನ ಬಾಗಿಲ ಒಳಗೆ ಒಂದು ಡ್ಯುಯಲ್‌ಶಾಕ್ 2 ಅನ್ನು ಕೊಕ್ಕೆಗೆ ನೇತುಹಾಕಿ, ಬಂದೂಕಿಗಾಗಿ ಕನ್ಸೋಲಿನ ಯುಎಸ್‌ಬಿ ಕಿಂಡಿಯಿಂದ ಒಂದು ಎಕ್ಸ್‌ಟೆನ್ಷನ್ ಕೇಬಲ್ಲನ್ನು ಹೊರಗೆ ತಂದಿಡಿ. ಗನ್‌ಕಾನ್ 2 ಅದರ ಜೊತೆಗೆ ಹಳದಿ ವಿಡಿಯೋ ಸಂಕೇತವನ್ನೂ ಕೇಳುತ್ತದೆ, ಆದ್ದರಿಂದ ಎಸ್-ವಿಡಿಯೋ ಬಳಸುವವರೂ ಹಳದಿ ತಂತಿಯನ್ನು ಕೈಗೆಟುಕುವಂತೆ ಬಿಟ್ಟಿರಬೇಕು.

ನಿರ್ವಹಣೆಯ ಕೆಲಸ ಹೆಚ್ಚಿಲ್ಲ. ಜಾಲರಿಯ ಸ್ಪಂಜನ್ನು ಆಗಾಗ ತೊಳೆಯಬೇಕು, ಕೋಲಿನ ತಿರುಗಣೆ ಕಿರುಗುಟ್ಟಿದರೆ ಸಿಲಿಕೋನ್ ಗ್ರೀಸ್ ಸವರಬೇಕು, ಯಾವುದಾದರೂ ಗುಂಡಿ ಒಂದೇ ಒತ್ತಿಗೆ ಎರಡು ಸಲ ಕೆಲಸ ಮಾಡತೊಡಗಿದರೆ ಅದರ ಸ್ವಿಚ್ಚನ್ನು ಬದಲಿಸಬೇಕು. ಬಹಳ ದಿನ ಆಡದೆ ಬಿಡುವುದಾದರೆ ಪ್ಲಗ್ ಕಿತ್ತು, ಡಿಸ್ಕನ್ನು ಹೊರತೆಗೆದು ಅದರ ಪೆಟ್ಟಿಗೆಯಲ್ಲಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಯಂತ್ರ ನಡೆಸಿದರೆ ಒಳಗಿನ ತೇವ ಆರುತ್ತದೆ.